ಉಲ್ಕೆ ಬೀಳದ ಭಾರತದಲ್ಲಿ ಡೈನೋಸಾರ್ ಸಂತತಿಯನ್ನು ರೂಪಿಸುವ ಬಗೆ

ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಹತ್ತು ಕಿಲೋಮೀಟರ್ ಆಸುಪಾಸಿನ ವ್ಯಾಸದ ಕ್ಷುದ್ರಗ್ರಹವೊಂದು ಇಂದಿನ ಮೆಕ್ಸಿಕೋದ ಯುಕಟಾನ್ ಪರ್ಯಾಯದ್ವೀಪದ ಬಳಿ ಭೂಮಿಗೆ ಅಪ್ಪಳಿಸಿತು, ಮತ್ತು ಹಕ್ಕಿಗಳನ್ನು ಬಿಟ್ಟರೆ ಉಳಿದೆಲ್ಲ ಡೈನೋಸಾರ್‌ಗಳು ಅದರ ಬೆನ್ನಿಗೇ ಅಳಿದುಹೋದವು. ಆ ಕಲ್ಲು ಗುರಿ ತಪ್ಪಿ ಹೋಗಿದ್ದರೆ ಇಂದು ಯಾವ ಪ್ರಾಣಿಗಳಿರುತ್ತಿದ್ದವು ಎಂಬ ಪ್ರಶ್ನೆಯನ್ನು ಹಿಡಿದು ಚಿತ್ರ ಬರೆಯುವವರು, ಕಥೆ ಹೆಣೆಯುವವರು ಜಗತ್ತಿನಾದ್ಯಂತ ಇದ್ದಾರೆ. ಕನ್ನಡದಲ್ಲಿಯೂ ಇದನ್ನು ಮಾಡಬಯಸುವವರಿಗೆ, ಅದರಲ್ಲೂ ನಮ್ಮ ಕಾಲಡಿಯ ನೆಲವನ್ನೇ ಹಿಡಿದು ಮಾಡಬಯಸುವವರಿಗೆ, ಈ ಲೇಖನ ಒಂದು ಕ್ರಮವನ್ನು ತೋರಿಸುತ್ತದೆ. ಮುಗಿಸುವ ಹೊತ್ತಿಗೆ ನಾವಿಬ್ಬರೂ ಸೇರಿ ಒಂದು ಪ್ರಾಣಿಯನ್ನು ಕಟ್ಟಿರುತ್ತೇವೆ.

ಮೊದಲೇ ಒಂದು ಮಾತು. ಬೇಕಾದ ಪ್ರಾಣಿಯನ್ನು ಮನಸ್ಸಿನಲ್ಲಿ ಮೊದಲೇ ತೀರ್ಮಾನಿಸಿಕೊಂಡು, ಅದಕ್ಕೆ ಒಪ್ಪುವ ಇತಿಹಾಸವನ್ನು ಆಮೇಲೆ ಹೊಲಿಯಬಾರದು. 1982ರಲ್ಲಿ ಕೆನಡಾದ ಜೀವಾವಶೇಷ ವಿಜ್ಞಾನಿ ಡೇಲ್ ರಸೆಲ್ ಅವರು ಕಲಾವಿದ ರಾನ್ ಸೆಗ್ವಿನ್ ಅವರ ಜೊತೆ ಸೇರಿ, ದೊಡ್ಡ ಮಿದುಳಿನ ಒಂದು ಸಣ್ಣ ಬೇಟೆಗಾರ ಡೈನೋಸಾರ್ ಇಂದಿನವರೆಗೆ ಬದುಕಿದ್ದರೆ ಹೇಗಿರುತ್ತಿತ್ತು ಎಂಬುದರ ಮಾದರಿಯೊಂದನ್ನು ಮಾಡಿದರು. ಅದು ನೆಟ್ಟಗೆ ನಿಂತ, ಬಾಲವಿಲ್ಲದ, ಹೆಚ್ಚುಕಡಿಮೆ ಮನುಷ್ಯನ ಮೈಕಟ್ಟಿನ ಹಸಿರು ಜೀವಿಯಾಗಿತ್ತು. ಧೈರ್ಯದ ಪ್ರಯತ್ನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬುದ್ಧಿ ಹೆಚ್ಚಿದ ಕಾಗೆಯಾಗಲಿ ಗಿಣಿಯಾಗಲಿ ಮನುಷ್ಯನ ಆಕಾರಕ್ಕೆ ತಿರುಗಿಲ್ಲ, ಹಕ್ಕಿಯಾಗಿಯೇ ಉಳಿದು ಜಾಣವಾಗಿದೆ. ಆ ಮಾದರಿಯ ಮೇಲೆ ಬಂದ ಮುಖ್ಯ ಟೀಕೆ ಇದೇ, ಮತ್ತು ನಮ್ಮ ಕೆಲಸದುದ್ದಕ್ಕೂ ಕಣ್ಣಮುಂದೆ ಇರಬೇಕಾದ ಎಚ್ಚರಿಕೆಯೂ ಇದೇ.

ಮೊದಲ ಹೆಜ್ಜೆ: ಒಂದನ್ನು ಮಾತ್ರ ಬದಲಿಸಿ

ಇತಿಹಾಸದಲ್ಲಿ ಒಂದೇ ಒಂದು ಘಟನೆಯನ್ನು ತೆಗೆದುಹಾಕಿ, ಉಳಿದದ್ದನ್ನು ಇದ್ದಂತೆಯೇ ಬಿಡಿ. ಕ್ಷುದ್ರಗ್ರಹ ಬೀಳಲಿಲ್ಲ ಎಂದರೆ ಅಷ್ಟೇ ಅರ್ಥ: ಭೂಖಂಡಗಳು ಸರಿಯುವುದು ನಿಲ್ಲುವುದಿಲ್ಲ, ಹಿಮಾಲಯ ಏಳದೆ ಇರುವುದಿಲ್ಲ, ಹವಾಮಾನ ತಣ್ಣಗಾಗುವುದು ತಪ್ಪುವುದಿಲ್ಲ. ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು, ದಖ್ಖನ್ನಿನ ಜ್ವಾಲಾಮುಖಿಗಳೂ ಆರುವುದಿಲ್ಲ. ಕ್ಷುದ್ರಗ್ರಹ ಬೀಳುವ ಮೊದಲೇ ಆರಂಭವಾಗಿ, ಬಿದ್ದ ಮೇಲೂ ಮುಂದುವರಿದ ಆ ಲಾವಾ ಪ್ರವಾಹಗಳು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿಕೊಂಡಿವೆ. ಆದ್ದರಿಂದ ಭಾರತದ ಡೈನೋಸಾರ್‌ಗಳಿಗೆ ಆಕಾಶದ ಕಲ್ಲು ತಪ್ಪಿದರೂ ನೆಲದ ಬೆಂಕಿ ತಪ್ಪುವುದಿಲ್ಲ. ಇದನ್ನು ಮರೆತು ಬರೆದ ಪರ್ಯಾಯ ಭಾರತ ಮೊದಲ ಪುಟದಲ್ಲಿಯೇ ಕುಸಿಯುತ್ತದೆ.

ಎರಡನೆಯ ಹೆಜ್ಜೆ: ನೆಲವನ್ನು ಓದಿಕೊಳ್ಳಿ

ಪ್ರಾಣಿಯನ್ನು ಬರೆಯುವ ಮೊದಲು ಅದು ನಿಲ್ಲುವ ನೆಲದ ಕಾಲರೇಖೆಯನ್ನು ಒಂದು ಹಾಳೆಯ ಮೇಲೆ ಎಳೆಯಿರಿ. ಭಾರತದ ಕಾಲರೇಖೆಯಷ್ಟು ನಾಟಕೀಯವಾದದ್ದು ಬೇರೆ ಯಾವ ಭೂಭಾಗಕ್ಕೂ ಸಿಗಲಾರದು ಎಂಬುದು ನನ್ನ ಅಭಿಪ್ರಾಯ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಬೇರ್ಪಟ್ಟ ಈ ಭೂಭಾಗ, ಉತ್ತರಕ್ಕೆ ತೇಲುತ್ತ, 6.6 ಕೋಟಿ ವರ್ಷಗಳ ಹಿಂದೆ ಇಂದಿನ ರಿಯೂನಿಯನ್ ದ್ವೀಪವಿರುವ ಅಕ್ಷಾಂಶದ ಸಮೀಪದಲ್ಲಿ ಲಾವಾ ಕಾರುತ್ತಿತ್ತು. ಆ ಕಾಲದ, ಮಧ್ಯಭಾರತದ ಲಮೇಟಾ ಎಂಬ ಶಿಲಾಪದರಗಳ ಸುಣ್ಣದ ಗಟ್ಟಿಗಳಿರುವ ಮಣ್ಣು, ಮಳೆ ಕಡಿಮೆಯಾದ, ಋತುಮಾನಕ್ಕೆ ತಕ್ಕಂತೆ ಒಣಗುತ್ತಿದ್ದ ಬಯಲನ್ನು ಸೂಚಿಸುತ್ತದೆ. 5 ಕೋಟಿ ವರ್ಷಗಳ ಆಚೀಚೆಗೆ ಅದೇ ನೆಲ ಸಮಭಾಜಕ ವೃತ್ತದ ಬಳಿ ಬಂದು ದಟ್ಟ ಮಳೆಕಾಡಾಗಿತ್ತು. ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸಿಕ್ಕಿರುವ ಆ ಕಾಲದ ಅಂಬರ್, ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬಕ್ಕೇ ಸೇರಿದ ಮರಗಳ ಅಂಟು. ಬಳಿಕ ಏಷ್ಯಾದೊಂದಿಗೆ ಡಿಕ್ಕಿ, ಹಿಮಾಲಯ, ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದ ಮೇಲೆ ಹಿಮ ಕಟ್ಟುವಷ್ಟು ತಂಪು, ಕೊನೆಗೆ ಸುಮಾರು 80 ಲಕ್ಷ ವರ್ಷಗಳ ಹಿಂದಿನಿಂದ ಶಿವಾಲಿಕ್ ತಪ್ಪಲಿನಲ್ಲಿ ಬಿಸಿಲುನಾಡಿನ ಹುಲ್ಲುಗಾವಲುಗಳ ವಿಸ್ತಾರ. ಒಣ ಬಯಲು, ಬೆಂಕಿ, ಮಳೆಕಾಡು, ಏಷ್ಯಾದಿಂದ ಬರುವ ಹೊಸ ನೆಂಟರು, ಹುಲ್ಲು ಎಂಬ ಈ ಐದು ಹಂತಗಳಲ್ಲಿ ಯಾವುದನ್ನೂ ನಿಮ್ಮ ಪ್ರಾಣಿ ಹಾರಿ ದಾಟುವಂತಿಲ್ಲ.

ಬೆಂಕಿಯ ಹಂತದಲ್ಲಿ ಒಂದು ಆಶ್ರಯ ಬೇಕು. ಇಲ್ಲಿ ಕರ್ನಾಟಕ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆಗೆ ಲಾವಾ ತಲುಪಿತ್ತು. ಗೋಲಗುಮ್ಮಟವನ್ನು ಕಟ್ಟಿರುವ ಕಪ್ಪುಬೂದು ಕಲ್ಲು ಆ ಲಾವಾ ಆರಿ ಆದ ಬಸಾಲ್ಟೇ. ಆದರೆ ಚಿತ್ರದುರ್ಗದ ಕೋಟೆಯ ಬಂಡೆಗಳ ಕಡೆಗೆ ಬಂದರೆ ಬಸಾಲ್ಟ್ ಇಲ್ಲ, ಕೋಟ್ಯಂತರ ವರ್ಷ ಹಳೆಯದಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳೇ ಬಯಲಿನಲ್ಲಿ ನಿಂತಿವೆ. ನಕ್ಷೆಯ ಮೇಲೆ ಈ ಎರಡು ಕಲ್ಲುಗಳ ಗಡಿಯನ್ನು ಪೆನ್ಸಿಲ್‌ನಲ್ಲಿ ಎಳೆದು, ಅದರ ದಕ್ಷಿಣಕ್ಕಿರುವ ನೆಲವನ್ನು ಆಶ್ರಯತಾಣವೆಂದು ಗುರುತು ಹಾಕಿಕೊಳ್ಳಿ. ಬೂದಿ, ವಿಷಾನಿಲ, ಆಮ್ಲಮಳೆ ಅಲ್ಲಿಗೂ ಬರುತ್ತವೆ, ಆದರೆ ಕಾಲಡಿಯ ಮಣ್ಣಾದರೂ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಪೂರ್ವಜನನ್ನು ಆರಿಸಿ, ಮೂಳೆಗಳ ಲೆಕ್ಕ ಬರೆಯಿರಿ

ಆರಂಭಕ್ಕೆ ನಿಜವಾದ, ಹೆಸರಿರುವ ಒಂದು ಪ್ರಾಣಿ ಬೇಕು. ಭಾರತದಲ್ಲಿ ಆಯ್ಕೆಗೆ ಕೊರತೆಯಿಲ್ಲ. ಗುಜರಾತಿನ ಆಗಿನ ಖೇಡಾ (ಇಂದಿನ ಮಹಿಸಾಗರ) ಜಿಲ್ಲೆಯ ರೈಯೋಲಿಯಲ್ಲಿ 1980ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಗೆದ ಮೂಳೆಗಳಿಂದ 2003ರಲ್ಲಿ ಹೆಸರು ಪಡೆದ ರಾಜಸಾರಸ್, ಹಣೆಯ ಮೇಲೆ ಒಂಟಿ ಕೊಂಬಿನ ಗುಬಟಿದ್ದ ಮಾಂಸಾಹಾರಿ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಡೊಂಗರಗಾಂವ್‌ನಿಂದ ಬಂದ ಐಸಿಸಾರಸ್, ಭಾರತೀಯ ಸಾಂಖ್ಯಿಕ ಸಂಸ್ಥೆಯ ಹೆಸರನ್ನು ಹೊತ್ತ ಉದ್ದ ಮುಂಗಾಲಿನ ಟೈಟನೋಸಾರ್, ಅಂದರೆ ದೊಡ್ಡ ಮೈಯ ಸಸ್ಯಾಹಾರಿ ಡೈನೋಸಾರ್‌ಗಳ ಬಳಗಕ್ಕೆ ಸೇರಿದ್ದು. ಜಬಲಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ಸಿಕ್ಕ ಸಣ್ಣಪುಟ್ಟ ಬೇಟೆಗಾರರೂ ಇದ್ದಾರೆ.

ಆರಿಸಿದ ಮೇಲೆ, ಆ ಪ್ರಾಣಿಗೆ ಏನಿದೆ, ಏನನ್ನು ಅದು ಆಗಲೇ ಕಳೆದುಕೊಂಡಿದೆ ಎಂಬ ಎರಡು ಪಟ್ಟಿಗಳನ್ನು ಬರೆಯಿರಿ. ಎರಡನೆಯ ಪಟ್ಟಿಯೇ ಹೆಚ್ಚು ಮುಖ್ಯ. ರಾಜಸಾರಸ್‌ನ ಬಳಗಕ್ಕೆ ಸೇರಿದ ಮಡಗಾಸ್ಕರ್‌ನ ಮಜುಂಗಸಾರಸ್ ಮತ್ತು ಅರ್ಜೆಂಟೀನಾದ ಕಾರ್ನೋಟಾರಸ್‌ಗಳ ಮುಂಗೈ ಎಷ್ಟು ಕುಗ್ಗಿತ್ತೆಂದರೆ, ಅದರಿಂದ ಏನನ್ನೂ ಹಿಡಿಯುವುದು ಸಾಧ್ಯವಿರಲಿಲ್ಲ. ಒಮ್ಮೆ ಕಳೆದುಹೋದ ಸಂಕೀರ್ಣ ಅಂಗ ಅದೇ ರೂಪದಲ್ಲಿ ಮರಳಿ ಬರುವುದಿಲ್ಲವೆಂದು ಬೆಲ್ಜಿಯಂನ ಲೂಯಿ ಡೊಲ್ಲೊ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಹೇಳಿದ್ದಾರೆ. ಹೀಗಾಗಿ ರಾಜಸಾರಸ್‌ನ ವಂಶಜರು ಮಳೆಕಾಡಿನಲ್ಲಿ ಮರ ಹತ್ತುವುದಾಗಲಿ, ಕೈಯಿಂದ ಬೇಟೆಯನ್ನು ಬಾಚುವುದಾಗಲಿ ಆಗದ ಮಾತು. ಅವು ಮಾಡುವುದೆಲ್ಲವನ್ನೂ ದವಡೆ ಮತ್ತು ಕತ್ತಿನಿಂದಲೇ ಮಾಡಬೇಕು. ನನ್ನ ಮೊದಲ ಚಿತ್ರಗಳಲ್ಲಿ ಈ ಪ್ರಾಣಿಗಳಿಗೆ ಉಗುರಿನ ಬಲಿಷ್ಠ ಕೈಗಳನ್ನು ಕೊಟ್ಟಿದ್ದೆ, ಮತ್ತು ಅಷ್ಟೂ ಹಾಳೆಗಳನ್ನು ಆಮೇಲೆ ಬದಿಗಿಡಬೇಕಾಯಿತು.

ಇರುವ ಅಂಗವನ್ನೇ ಬೇರೆ ಕೆಲಸಕ್ಕೆ ಹಚ್ಚುವುದು ವಿಕಾಸದ ಹಳೆಯ ದಾರಿ. ಮಲೆನಾಡಿನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ಒಮ್ಮೆ ಗಮನಿಸಿ ನೋಡಿ. ಅದಕ್ಕೆ ಹೊಸದಾಗಿ ರೆಕ್ಕೆ ಹುಟ್ಟಿಲ್ಲ. ಎಲ್ಲ ಓತಿಗಳಿಗೂ ಇರುವ ಪಕ್ಕೆಲುಬುಗಳೇ ಉದ್ದವಾಗಿ, ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡು ಚರ್ಮವನ್ನು ಹಿಗ್ಗಿಸುತ್ತವೆ. ನಾಲ್ಕು ಕಾಲುಗಳೂ ಹತ್ತುವುದಕ್ಕೆ ಹಾಗೆಯೇ ಉಳಿದಿವೆ. ಕಾಲ್ಪನಿಕ ಪ್ರಾಣಿಯೊಂದಕ್ಕೆ ಹೊಸ ಗುಣವನ್ನು ಕೊಡುವಾಗಲೆಲ್ಲ ಇದು ಯಾವ ಹಳೆಯ ಮೂಳೆಯಿಂದ ಬಂತು ಎಂದು ಕೇಳಿಕೊಳ್ಳಿ, ಉತ್ತರ ಸಿಗದಿದ್ದರೆ ಆ ಗುಣವನ್ನು ಅಳಿಸಿ.

ಡೈನೋಸಾರ್‌ಗಳ ಮೂಳೆಯನ್ನು ಕೈಯಲ್ಲಿ ಹಿಡಿದು ನೋಡುವ ಸುಲಭದ ಮಾರ್ಗವೂ ಇದೆ. ಮಾಂಸಾಹಾರಿಗಳ ಮನೆಯಲ್ಲಿ ಕೋಳಿಯ ರೆಕ್ಕೆಯ ಮೇಲ್ಭಾಗದ ಮೂಳೆಯನ್ನು ಚೆನ್ನಾಗಿ ಬೇಯಿಸಿ, ತೊಳೆದು, ಒಣಗಿಸಿ, ಭುಜಕ್ಕೆ ಸೇರುವ ತುದಿಯನ್ನು ಬೆಳಕಿಗೆ ಹಿಡಿದರೆ ಅಲ್ಲೊಂದು ಗುಳಿ, ಗುಳಿಯೊಳಗೆ ರಂಧ್ರ ಕಾಣುತ್ತದೆ. ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲ ಅಲ್ಲಿಂದ ಮೂಳೆಯೊಳಗೆ ನುಗ್ಗಿರುತ್ತದೆ. ಟೈಟನೋಸಾರ್‌ಗಳ ಕತ್ತಿನ ಮತ್ತು ಬೆನ್ನಿನ ಕಶೇರುಗಳಲ್ಲಿಯೂ ಇಂಥದೇ ಗಾಳಿಗೂಡುಗಳಿದ್ದವು. ಅಷ್ಟು ದೊಡ್ಡ ಮೈಯನ್ನು ಹಗುರಾಗಿಸಿದ ಗುಟ್ಟುಗಳಲ್ಲಿ ಇದೂ ಒಂದು. ನಿಮ್ಮ ಪ್ರಾಣಿಯ ‘ಇದೆ’ ಪಟ್ಟಿಯಲ್ಲಿ ಗಾಳಿಚೀಲಕ್ಕೆ ಮೊದಲ ಸಾಲನ್ನು ಕೊಡಿ.

ನಾಲ್ಕನೆಯ ಹೆಜ್ಜೆ: ಏನು ತಿನ್ನುತ್ತದೆ ಎಂಬುದನ್ನು ಸಾಕ್ಷ್ಯದಿಂದ ಹೊರಡಿಸಿ

ನಾವು ಇಲ್ಲಿ ಕಟ್ಟುವ ಪ್ರಾಣಿ ಟೈಟನೋಸಾರ್‌ಗಳ ವಂಶದ್ದು. ಅದನ್ನು ಆರಿಸಲು ಕಾರಣ ಚಂದ್ರಪುರ ಜಿಲ್ಲೆಯ ಪಿಸ್ಡುರಾ ಎಂಬ ಊರಿನ ಬಳಿ ಸಿಕ್ಕ ಕಲ್ಲಾದ ಲದ್ದಿ. ಟೈಟನೋಸಾರ್‌ಗಳದ್ದೆಂದು ಗುರುತಿಸಲಾದ ಆ ಲದ್ದಿಯನ್ನು ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಅವರ ಸಂಗಡಿಗರು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ತಾಳೆ ಮತ್ತು ಶಂಕುಮರಗಳ ಅವಶೇಷಗಳ ನಡುವೆ ಹುಲ್ಲಿನ ಸಿಲಿಕಾ ಕಣಗಳೂ ಇರುವುದನ್ನು 2005ರಲ್ಲಿ ಪ್ರಕಟಿಸಿದರು. ಡೈನೋಸಾರ್‌ಗಳ ಕಾಲದಲ್ಲಿ ಹುಲ್ಲೇ ಇರಲಿಲ್ಲವೆಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಆ ಹುಲ್ಲುಗಳಲ್ಲಿ ಭತ್ತದ ಬಳಗಕ್ಕೆ ಸೇರಿದವೂ ಇದ್ದವೆಂಬುದು ನಂತರದ ಅಧ್ಯಯನದಲ್ಲಿ ಇನ್ನಷ್ಟು ಸ್ಪಷ್ಟವಾಯಿತು.

ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಗರಿಯ ಅಂಚು ಮುಂಗೈಯನ್ನು ಸಣ್ಣಗೆ ಕೊಯ್ಯುವ ಅನುಭವ ಇದ್ದೇ ಇರುತ್ತದೆ. ಆ ಒರಟಿಗೆ ದೊಡ್ಡ ಕಾರಣ ಸಿಲಿಕಾ, ಅಂದರೆ ಮರಳಿನದೇ ದ್ರವ್ಯ. ಅದನ್ನು ದಿನವಿಡೀ ತಿನ್ನುವ ಬಾಯಿಗೆ ಏನಾಗುತ್ತದೆ? ಹಸು, ಕುದುರೆಗಳು ಎತ್ತರದ, ಮಡಿಕೆಮಡಿಕೆಯಾದ ದವಡೆಹಲ್ಲುಗಳಿಂದ ಇದಕ್ಕೆ ಉತ್ತರ ಕೊಟ್ಟಿವೆ. ಟೈಟನೋಸಾರ್‌ಗಳಿಗೆ ಅಂಥ ಹಲ್ಲಿಲ್ಲ. ಪೆನ್ಸಿಲ್‌ನಂಥ ತೆಳ್ಳನೆಯ ಹಲ್ಲುಗಳಿಂದ ಸೊಪ್ಪನ್ನು ಹರಿದು, ಅಗಿಯದೆ ನುಂಗುವುದಷ್ಟೇ ಅವಕ್ಕೆ ಗೊತ್ತಿತ್ತು. ಹಾಗಾದರೆ ದಾರಿ ಯಾವುದು? ನೈಜರ್ ದೇಶದಲ್ಲಿ ಸಿಕ್ಕ ನೈಜರ್‌ಸಾರಸ್ ಎಂಬ ದೂರದ ಸಂಬಂಧಿಯಲ್ಲಿ ಉತ್ತರವಿದೆ: ಅದರ ಬಾಯಿ ಸಲಿಕೆಯಂತೆ ಅಗಲವಾಗಿತ್ತು, ಹಲ್ಲುಗಳು ಮುಂಭಾಗದಲ್ಲಿ ಒಂದೇ ಸಾಲಿನಲ್ಲಿದ್ದವು, ಮತ್ತು ಒಂದೊಂದು ಹಲ್ಲೂ ಸುಮಾರು ಎರಡು ವಾರಕ್ಕೊಮ್ಮೆ ಉದುರಿ ಹೊಸದು ಬರುತ್ತಿತ್ತು. ಅರ್ಜೆಂಟೀನಾದ ಬೊನಿಟಸಾರಾ ಎಂಬ ಟೈಟನೋಸಾರ್‌ಗೂ ಚೌಕ ದವಡೆ ಬಂದಿತ್ತು. ಅಂದರೆ ಸವೆಯುವ ಹಲ್ಲನ್ನು ಗಟ್ಟಿ ಮಾಡುವ ಬದಲು ಬೇಗ ಬದಲಿಸುವುದು ಈ ವಂಶದ ದಾರಿ. ಅಗಿಯುವ ಕೆಲಸವನ್ನು ದೊಡ್ಡ ಹೊಟ್ಟೆ, ಅದರಲ್ಲಿನ ಸೂಕ್ಷ್ಮಜೀವಿಗಳು ಮತ್ತು ಆಹಾರವನ್ನು ಬಹಳ ಹೊತ್ತು ಒಳಗಿಟ್ಟುಕೊಳ್ಳುವ ತಾಳ್ಮೆ ವಹಿಸಿಕೊಳ್ಳುತ್ತವೆ.

ನಮ್ಮ ಪ್ರಾಣಿಗೆ ‘ಗರಿಕೆಮೊಗ’ ಎಂದು ಹೆಸರಿಡೋಣ. ಲ್ಯಾಟಿನ್ ಹೆಸರು ಆಮೇಲೆ ಬರಲಿ. ಕನ್ನಡದ ಹೆಸರಿಟ್ಟ ಪ್ರಾಣಿಯ ಬಗ್ಗೆ ಕನ್ನಡದಲ್ಲಿ ಯೋಚಿಸುವುದು ಸುಲಭ.

ಐದನೆಯ ಹೆಜ್ಜೆ: ಅಳತೆ, ತೂಕ, ಬೆಲೆ

ಪ್ರತಿ ಬದಲಾವಣೆಗೂ ಪ್ರಾಣಿ ಒಂದು ಬೆಲೆ ತೆರಬೇಕು. ಐಸಿಸಾರಸ್‌ನ ಉದ್ದವನ್ನು 18 ಮೀಟರ್, ತೂಕವನ್ನು 15 ಟನ್ ಎಂದು ಹಿಡಿಯೋಣ. ಬೆಂಕಿಯ ಕಾಲದಲ್ಲಿ ಆಹಾರ ಕೊರತೆಯಾದಾಗ ದೊಡ್ಡ ಮೈಯವು ಮೊದಲು ಸಾಯುತ್ತವೆ, ಮಳೆಕಾಡಿನ ಒತ್ತಾದ ಮರಗಳ ನಡುವೆ ದೊಡ್ಡ ಮೈ ನುಸುಳುವುದೂ ಇಲ್ಲ. ಆದ್ದರಿಂದ ಒಂದೂವರೆ ಕೋಟಿ ವರ್ಷಗಳಲ್ಲಿ ಈ ವಂಶ ಹತ್ತು ಮೀಟರ್‌ಗೆ ಇಳಿಯಿತೆನ್ನೋಣ. ದೊಡ್ಡ ಸಸ್ಯಾಹಾರಿಗಳು ಇಕ್ಕಟ್ಟಿನಲ್ಲಿ ಕುಬ್ಜವಾಗುವುದು ಹೊಸ ಕಲ್ಪನೆಯಲ್ಲ, ರುಮೇನಿಯಾದ ಹಾಟ್ಸೆಗ್‌ನಲ್ಲಿ ಸಿಕ್ಕ ಮಗ್ಯಾರೋಸಾರಸ್ ಅಂಥದೇ ಕುಳ್ಳ ಟೈಟನೋಸಾರ್. ಉದ್ದದ ಅನುಪಾತದ ಘನ ತೆಗೆದರೆ ತೂಕದ ಅನುಪಾತ ಸಿಗುತ್ತದೆ: ಹತ್ತನ್ನು ಹದಿನೆಂಟರಿಂದ ಭಾಗಿಸಿದರೆ 0.56, ಅದರ ಘನ 0.17, ಅದನ್ನು 15ರಿಂದ ಗುಣಿಸಿದರೆ ಸುಮಾರು ಎರಡೂವರೆ ಟನ್. ನಮ್ಮ ಕಾಡಿನ ಹೆಣ್ಣಾನೆಯ ತೂಕಕ್ಕೆ ಹತ್ತಿರ. ಇಷ್ಟು ಲೆಕ್ಕವನ್ನು ಪ್ರತಿ ಹಂತದಲ್ಲಿಯೂ ಮಾಡಿ, ಚಿತ್ರದ ಪಕ್ಕದಲ್ಲಿ ಅದೇ ಅಳತೆಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ.

ಈಗ ತೊಡಕು. ಐಸಿಸಾರಸ್‌ಗೆ ಮುಂಗಾಲು ಉದ್ದ, ಕತ್ತು ಗಿಡ್ಡ. ಗ್ರಾಫ್ ಹಾಳೆಯ ಮೇಲೆ ಅದನ್ನು ಅಳತೆಗೆ ಸರಿಯಾಗಿ ಬರೆದು ತಲೆಯನ್ನು ಕೆಳಗೆ ಬಾಗಿಸಲು ಹೋದಾಗ, ಅದಕ್ಕೆ ನೆಲದ ಹುಲ್ಲು ಸಲೀಸಾಗಿ ಎಟುಕುವುದಿಲ್ಲವೆಂದು ನನಗೆ ತಿಳಿಯಿತು. ಜಿರಾಫೆ ನೀರು ಕುಡಿಯುವಾಗ ಮುಂಗಾಲುಗಳನ್ನು ಅಗಲಿಸಿ ನಿಲ್ಲುವಂತೆ ನಿಲ್ಲಬಹುದು, ಆದರೆ ದಿನಕ್ಕೆ ಹಲವು ಗಂಟೆ ಹಾಗೆ ಮೇಯುವುದು ಆಗದು. ಪರಿಹಾರವಾಗಿ ಹೊಸ ಅಂಗ ಬೇಕಿಲ್ಲ, ಬೆಳವಣಿಗೆಯ ವೇಗ ಬದಲಾದರೆ ಸಾಕು: ತಲೆಮಾರುಗಳು ಕಳೆದಂತೆ ಮುಂಗಾಲಿನ ಬೆಳವಣಿಗೆ ಬೇಗ ನಿಂತು, ಭುಜ ತಗ್ಗಿ, ಬೆನ್ನು ಸಮನಾಗುತ್ತದೆ. ಇದಕ್ಕೆ ಬೆಲೆಯೂ ಉಂಟು. ಎತ್ತರದ ಕೊಂಬೆಯ ಚಿಗುರು ಇನ್ನು ಗರಿಕೆಮೊಗಕ್ಕೆ ಸಿಗುವುದಿಲ್ಲ, ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಅದು ನೀರಿನ ಜಾಡು ಹಿಡಿದು ವಲಸೆ ಹೋಗಲೇಬೇಕು. ಹೀಗೆ ಕಾಲಿನ ಒಂದು ಬದಲಾವಣೆಯಿಂದ ಪ್ರಾಣಿಯ ಇಡೀ ವರ್ಷದ ದಿನಚರಿ ತಾನಾಗಿ ಹೊರಬರುವುದನ್ನು ಕಾಣುವಾಗ ಆಗುವ ಸಂತೋಷಕ್ಕಾಗಿಯೇ ನಾನು ಈ ಕೆಲಸ ಮಾಡುತ್ತೇನೆ.

ಆರನೆಯ ಹೆಜ್ಜೆ: ಮರಿಯನ್ನು ಮರೆಯಬೇಡಿ

ಹೆಚ್ಚಿನವರು ಬೆಳೆದ ಪ್ರಾಣಿಯನ್ನಷ್ಟೇ ಬರೆದು ನಿಲ್ಲಿಸುತ್ತಾರೆ. ಡೈನೋಸಾರ್‌ಗಳ ವಿಷಯದಲ್ಲಿ ಇದು ಅರ್ಧ ಕೆಲಸ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಟೈಟನೋಸಾರ್‌ಗಳ 92 ಗೂಡುಗಳು, 256 ಮೊಟ್ಟೆಗಳು ಸಿಕ್ಕಿರುವ ವರದಿ 2023ರಲ್ಲಿ ಪ್ರಕಟವಾಯಿತು. ಅದೇ ಜಿಲ್ಲೆಯ ಹಳ್ಳಿಯೊಂದರ ಕೆಲವು ಮನೆತನದವರು ಹೊಲದಲ್ಲಿ ಸಿಕ್ಕ ಇಂಥ ದುಂಡುಕಲ್ಲುಗಳನ್ನು ಕಾಯುವ ದೇವರೆಂದು ಪೂಜಿಸುತ್ತಿದ್ದರೆಂಬ ಸುದ್ದಿಯೂ ಅದೇ ವರ್ಷ ಬಂತು. ಆ ಮೊಟ್ಟೆಗಳ ವ್ಯಾಸ ಹದಿನೈದರಿಂದ ಹದಿನೇಳು ಸೆಂಟಿಮೀಟರ್, ಸಾಧಾರಣ ಸಿಪ್ಪೆ ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡದು. ಗೂಡುಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ದೊಡ್ಡ ಪ್ರಾಣಿ ಅವುಗಳ ನಡುವೆ ಓಡಾಡುವುದಕ್ಕೆ ಜಾಗವಿರಲಿಲ್ಲ, ಆದ್ದರಿಂದ ತಾಯಿ ಮೊಟ್ಟೆಯಿಟ್ಟು ಹೊರಟುಹೋಗುತ್ತಿತ್ತು ಎಂದು ಊಹಿಸಲಾಗಿದೆ.

ಇದರ ಪರಿಣಾಮ ದೊಡ್ಡದು. ಮೊಟ್ಟೆಯೊಡೆದು ಬಂದ ಅರ್ಧ ಮೀಟರ್ ಉದ್ದದ ಮರಿ, ಮೊಲದ ಗಾತ್ರದಿಂದ ಆನೆಯ ಗಾತ್ರದವರೆಗೆ ತಾನೊಂದೇ ಬೆಳೆಯುತ್ತ, ದಾರಿಯಲ್ಲಿ ಮೊಲ, ಕುರಿ, ಕಡವೆಗಳು ತುಂಬಬಹುದಾದ ಜಾಗಗಳನ್ನೆಲ್ಲ ಒಂದೊಂದಾಗಿ ಆಕ್ರಮಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಪರ್ಯಾಯ ಭಾರತದಲ್ಲಿ ನಡುಗಾತ್ರದ ಸಸ್ಯಾಹಾರಿ ಪ್ರಭೇದಗಳು ಕಡಿಮೆಯಿರಬೇಕು. ಜಿಂಕೆಯ ಜಾಗದಲ್ಲಿ ಜಿಂಕೆಯಂಥ ಡೈನೋಸಾರ್ ಬೇಡ, ಗರಿಕೆಮೊಗದ ಹದಿಹರೆಯದ ಮರಿಗಳ ಹಿಂಡೇ ಸಾಕು. ಮೊಟ್ಟೆಯೊಡೆದ ಮೊದಲ ವಾರಗಳಲ್ಲಿ ಮರಿ ಕೀಟಗಳನ್ನೂ ಎಳೆ ಸೊಪ್ಪನ್ನೂ ತಿನ್ನಲಿ, ಸಿಲಿಕಾ ತುಂಬಿದ ಹುಲ್ಲಿಗೆ ಬಾಯಿ ಅಗಲವಾದ ಮೇಲೆ ಬರಲಿ.

ಏಳನೆಯ ಹೆಜ್ಜೆ: ನೆರೆಹೊರೆಯನ್ನು ತುಂಬಿ

ಯಾವ ಪ್ರಾಣಿಯೂ ಒಂಟಿಯಾಗಿ ವಿಕಾಸ ಹೊಂದುವುದಿಲ್ಲ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಸಿಕ್ಕ ಒಂದು ಬಂಡೆಯಲ್ಲಿ ಟೈಟನೋಸಾರ್ ಗೂಡು, ಒಡೆದ ಮೊಟ್ಟೆ, ಮರಿಯ ಮೂಳೆಗಳು, ಮತ್ತು ಅವುಗಳನ್ನು ಸುತ್ತುವರಿದು ಮಲಗಿದ ಸುಮಾರು ಮೂರೂವರೆ ಮೀಟರಿನ ಹಾವು ಒಟ್ಟಿಗೆ ಕಲ್ಲಾಗಿವೆ. ಸನಾಜೆ ಎಂದು 2010ರಲ್ಲಿ ಹೆಸರಿಸಲಾದ ಈ ಹಾವಿನ ಗುಂಪು, ಮ್ಯಾಡ್ಸೊಯಿಡ್‌ಗಳು, ಮಹಾವಿನಾಶವನ್ನು ದಾಟಿ ನಿಜಜಗತ್ತಿನಲ್ಲಿಯೇ ಉಳಿದವು: ಕಚ್ಛ್‌ನ ಪಾನಂಧ್ರೊ ಗಣಿಯಲ್ಲಿ ಸಿಕ್ಕಿ 2024ರಲ್ಲಿ ‘ವಾಸುಕಿ’ ಎಂಬ ಹೆಸರು ಪಡೆದ, 4.7 ಕೋಟಿ ವರ್ಷ ಹಿಂದಿನ ಹಾವಿನ ಉದ್ದವನ್ನು ಸುಮಾರು 11ರಿಂದ 15 ಮೀಟರ್ ಎಂದು ಅಂದಾಜಿಸಲಾಗಿದೆ. ಡೈನೋಸಾರ್ ಗೂಡುಗಳೂ ಉಳಿದಿದ್ದರೆ ಇಂಥ ಹಾವುಗಳಿಗೆ ವರ್ಷಕ್ಕೊಮ್ಮೆ ಸುಗ್ಗಿ. ಮರಿಗಳ ಮೇಲಿನ ಈ ಒತ್ತಡಕ್ಕೆ ಗರಿಕೆಮೊಗ ಏನು ಮಾಡುತ್ತದೆ? ಎಲ್ಲ ತಾಯಂದಿರೂ ಒಂದೇ ವಾರದಲ್ಲಿ ಮೊಟ್ಟೆಯಿಡುವುದು ಒಂದು ಉತ್ತರ, ಸಮುದ್ರದ ಆಮೆಗಳು ಒಡಿಶಾದ ಕರಾವಳಿಯಲ್ಲಿ ಇಂದಿಗೂ ಇದನ್ನೇ ಮಾಡುತ್ತಿವೆ. ಮೊಸಳೆ, ಆಮೆ, ಕಪ್ಪೆಗಳನ್ನು ಹೆಚ್ಚು ಬದಲಿಸಬೇಡಿ, ಅವು ನಿಜದಲ್ಲಿಯೂ ಬದುಕಿ ಬಂದಿವೆ. ಸಸ್ತನಿಗಳನ್ನು ಅಳಿಸಬೇಡಿ, ಅವು ಚಿಕ್ಕವಾಗಿ, ಇರುಳಿನಲ್ಲಿ, ಮರದ ಮೇಲೆ, ಬಿಲದೊಳಗೆ ಮುಂದುವರಿಯಲಿ. ಏಷ್ಯಾದೊಂದಿಗೆ ನೆಲ ಕೂಡಿಕೊಂಡ ಮೇಲೆ ಉತ್ತರದಿಂದ ಬರುವ, ಕೈಗಳಿರುವ, ಗರಿಗಳಿರುವ ಬೇಟೆಗಾರರು ರಾಜಸಾರಸ್‌ನ ಕೈಯಿಲ್ಲದ ವಂಶಜರಿಗೆ ಎದುರಾಗುತ್ತಾರೆ, ಮತ್ತು ಅಲ್ಲಿ ಯಾರು ಉಳಿಯುತ್ತಾರೆಂಬುದನ್ನು ತೀರ್ಮಾನಿಸುವ ಮೊದಲು ಇಬ್ಬರ ಪಟ್ಟಿಗಳನ್ನೂ ಮತ್ತೊಮ್ಮೆ ಓದಿ.

ಎಂಟನೆಯ ಹೆಜ್ಜೆ: ಎರಡು ಬಣ್ಣದ ಶಾಯಿ

ಕೊನೆಯ ಪ್ರತಿಯನ್ನು ಬರೆಯುವಾಗ ಪಳೆಯುಳಿಕೆಯಿಂದ ತಿಳಿದದ್ದನ್ನು ಕಪ್ಪು ಶಾಯಿಯಲ್ಲಿಯೂ, ನೀವು ಊಹಿಸಿದ್ದನ್ನು ನೀಲಿ ಶಾಯಿಯಲ್ಲಿಯೂ ಬರೆಯಿರಿ. ಓದುವವರಿಗೆ, ಅದರಲ್ಲೂ ಶಾಲೆಯ ಮಕ್ಕಳಿಗೆ, ಇವೆರಡು ಬೆರೆತು ಹೋಗಬಾರದು. ಗರಿಕೆಮೊಗದ ನನ್ನ ಹಾಳೆಯಲ್ಲಿ ಗಾಳಿಗೂಡಿನ ಕಶೇರು, ತೆಳ್ಳನೆಯ ಹಲ್ಲು, ತೆಂಗಿನಕಾಯಿ ಗಾತ್ರದ ಮೊಟ್ಟೆ, ಲದ್ದಿಯಲ್ಲಿನ ಹುಲ್ಲು, ಗೂಡಿನ ಪಕ್ಕದ ಹಾವು ಕಪ್ಪಿನಲ್ಲಿವೆ. ಗಿಡ್ಡ ಮುಂಗಾಲು, ಎರಡೂವರೆ ಟನ್ ತೂಕ, ಅಗಲ ಮೂತಿ, ಬೇಸಿಗೆಯ ವಲಸೆ, ಒಂದೇ ವಾರದ ಮೊಟ್ಟೆ ನೀಲಿಯಲ್ಲಿವೆ. ಪ್ರತಿ ನೀಲಿ ಸಾಲಿನಿಂದ ಅದಕ್ಕೆ ಆಧಾರವಾದ ಕಪ್ಪು ಸಾಲಿಗೆ ಒಂದು ಬಾಣ ಎಳೆಯಿರಿ. ಬಾಣ ಸಿಗದ ಸಾಲನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಬಣ್ಣ ತುಂಬಲು ಶುರುಮಾಡಿ.